ಕೇಳಿದವರಿಗೆ ಉತ್ತರ ಕೊಡೋಣ



ಕಳೆದ ತಿಂಗಳು ಒಂದು ಮಧ್ಯಾಹ್ನ, ಎಲೆ ತೂಕ ಮುಗಿದು ಎಲ್ಲರೂ ಶೆಡ್ಡಿನ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಾಗ, ನಮ್ಮ ಬಳಗದ ಒಬ್ಬ ತಾಯಿಯನ್ನು ಜೊತೆಯ ಕೆಲಸಗಾರರೊಬ್ಬರು ಕೇಳಿದರಂತೆ: “ಊಟಕ್ಕೆ ಮುಂಚೆ ಶಿಲುಬೆಯ ಗುರುತು ಹಾಕುತ್ತೀಯಲ್ಲ, ಆ ದೇವರು ನಿನಗೆ ಏನು ಕೊಟ್ಟ? ಗಂಡ ಸತ್ತ, ಮಗಳ ಕಾಯಿಲೆ ವಾಸಿಯಾಗಲಿಲ್ಲ, ನಿನ್ನ ಲೈನುಮನೆಯೂ ನಮ್ಮದರ ಹಾಗೆಯೇ ಸೋರುತ್ತದೆ. ಮತ್ತೆ ಯಾಕೆ ನಂಬುತ್ತೀಯ?” ಕೇಳಿದವರು ಕೆಟ್ಟವರಲ್ಲ, ಸಂಘದ ಕೆಲಸದಲ್ಲಿ ನಮ್ಮ ಹೆಗಲಿಗೆ ಹೆಗಲು ಕೊಟ್ಟವರೇ. ಆ ತಾಯಿ ಏನೂ ಹೇಳಲಾರದೆ ತಲೆ ತಗ್ಗಿಸಿ ಊಟ ಮುಗಿಸಿದರು. ಭಾನುವಾರ ಪೂಜೆ ಆದ ಮೇಲೆ ನಮ್ಮ ಬಳಿಗೆ ಬಂದು, “ಉಪದೇಶಿಗಳೇ, ನಾನು ಏನು ಹೇಳಬೇಕಾಗಿತ್ತು?” ಎಂದು ಕೇಳಿದರು.

ಅವರ ಪ್ರಶ್ನೆ ನಮಗೆ ಹಳೆಯ ತಪ್ಪೊಂದನ್ನು ನೆನಪಿಗೆ ತಂದಿತು. ಕೆಲವು ವರ್ಷಗಳ ಹಿಂದೆ ಉಪದೇಶದ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, ಸತ್ತವರು ಏಳುವುದನ್ನು ಯಾರು ನೋಡಿದ್ದಾರೆ ಎಂದು ಕೇಳಿದ. ಅಂದು ಕೆಲಸ ಮುಗಿಸಿ ದಣಿದು ಬಂದಿದ್ದೆವು. ಉತ್ತರ ಸಹ ಸರಿಯಾಗಿ ಗೊತ್ತಿರಲಿಲ್ಲ. “ದೇವರ ವಿಷಯದಲ್ಲಿ ಪ್ರಶ್ನೆ ಕೇಳಬಾರದು, ಕೂತುಕೋ” ಎಂದು ಗದರಿಸಿಬಿಟ್ಟೆವು. ಆ ಹುಡುಗ ಕೂತುಕೊಂಡ. ಮುಂದಿನ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಯಾರೋ ನಾಸ್ತಿಕರು ಅವನ ತಲೆ ಕೆಡಿಸಿದರು ಎಂದು ನಾವು ಊರೆಲ್ಲ ಹೇಳಿಕೊಂಡು ತಿರುಗಿದೆವು. ನಿಜ ಹೇಳಬೇಕಾದರೆ ಅವನನ್ನು ಹೊರಗೆ ಕಳುಹಿಸಿದವರು ನಾವೇ.

ಪ್ರೇಷಿತ ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಬೋಧಿಸುವುದೇನು? ನಮ್ಮಲ್ಲಿರುವ ಭರವಸೆಗೆ ಕಾರಣವನ್ನು ಯಾರು ಕೇಳಿದರೂ ಉತ್ತರ ಹೇಳಲು ಸದಾ ಸಿದ್ಧರಾಗಿರಬೇಕು, ಆದರೆ ಆ ಉತ್ತರ ಸಾತ್ವಿಕವಾಗಿಯೂ ಗೌರವದಿಂದಲೂ ಇರಬೇಕು ಎಂದು. ಈ ಮಾತು ಗುರುಗಳಿಗೆ ಮಾತ್ರ, ಓದಿದವರಿಗೆ ಮಾತ್ರ ಎಂದು ಅಲ್ಲಿ ಬರೆದಿಲ್ಲ. ಆ ಪತ್ರವನ್ನು ಕೇಳಿಸಿಕೊಂಡವರಲ್ಲಿ ಮನೆಗೆಲಸದ ಆಳುಗಳೂ ಇದ್ದರೆಂಬುದು ಅದೇ ಪತ್ರದಿಂದ ಗೊತ್ತಾಗುತ್ತದೆ. ಸ್ವತಃ ಪೇತ್ರರು ಬಲೆ ಎಳೆಯುತ್ತಿದ್ದ ಬೆಸ್ತರು. ಹೀಗಿರಲಾಗಿ, “ನಾವು ಕೂಲಿಗಳು, ನಮಗೇನು ತಿಳಿಯುತ್ತದೆ” ಎಂದು ಹಿಂದೆ ಸರಿಯುವುದಕ್ಕೆ ನಮಗೆ ದಾರಿಯಿಲ್ಲ.

ಇದಕ್ಕೆ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. ಕ್ರಿಸ್ತಶಕ ಸುಮಾರು 112ರಲ್ಲಿ, ಈಗಿನ ಟರ್ಕಿ ದೇಶದ ಉತ್ತರ ಭಾಗದಲ್ಲಿ, ಪ್ಲಿನಿ ಎಂಬ ರೋಮನ್ ಅಧಿಕಾರಿ ಆಳುತ್ತಿದ್ದ. ಕ್ರೈಸ್ತರ ಮೇಲೆ ದೂರುಗಳು ಬಂದವು. ನಿಜ ಏನೆಂದು ತಿಳಿಯಲು ಅವನು ಇಬ್ಬರು ಗುಲಾಮ ಹೆಂಗಸರನ್ನು ಹಿಡಿಸಿ ಚಿತ್ರಹಿಂಸೆ ಕೊಡಿಸಿದ. ಅವರಿಬ್ಬರೂ ಸಭೆಯ ಸೇವಕಿಯರಾಗಿದ್ದರು. ವಿಚಾರಣೆಯಲ್ಲಿ ತಿಳಿದುಬಂದದ್ದನ್ನೆಲ್ಲ ಅವನು ಟ್ರೇಜನ್ ಚಕ್ರವರ್ತಿಗೆ ಪತ್ರದಲ್ಲಿ ಬರೆದ. ಆ ಪತ್ರ ಇಂದಿಗೂ ಉಳಿದಿದೆ. ಅವನಿಗೆ ಸಿಕ್ಕ ಅಪರಾಧ ಇಷ್ಟೇ: ಇವರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಹಣವನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ ಎಂದು ಪ್ರಮಾಣ ಮಾಡುತ್ತಾರೆ, ಮತ್ತೆ ಸೇರಿ ಸಾಧಾರಣ ಊಟ ಮಾಡುತ್ತಾರೆ. ಅಂದಿಗೆ ಭಾನುವಾರದ ರಜೆ ಎಂಬುದು ಇರಲಿಲ್ಲ. ಅದು ಬಂದದ್ದು 321ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲಕ್ಕೆ. ನಾವು ಮಸ್ಟರಿಗೆ ಹೋಗುವ ಮುಂಚೆ ದೀಪ ಹಚ್ಚಿ ಪ್ರಾರ್ಥಿಸುವ ಹಾಗೆ, ಅವರೂ ದಣಿಯ ಕೆಲಸಕ್ಕೆ ಹೋಗುವ ಮುಂಚೆ ಕತ್ತಲಲ್ಲಿ ಸೇರುತ್ತಿದ್ದರು.

ಆ ಇಬ್ಬರು ಹೆಂಗಸರ ಹೆಸರನ್ನು ಅಧಿಕಾರಿ ಬರೆದಿಡಲಿಲ್ಲ. ಆದರೆ ಧರ್ಮಸಭೆಯ ಹೊರಗಿನವರ ಬರಹದಲ್ಲಿ ನಮ್ಮ ಆರಾಧನೆಯ ಬಗ್ಗೆ ಸಿಗುವ ಅತಿ ಹಳೆಯ ವಿವರಣೆ ಇದೇ. ಶತ್ರುವಿನ ಕೈಯಿಂದಲೇ ಅದು ಬರೆದು ಉಳಿಯಿತು. ಆ ಬಾಳಿನಲ್ಲಿ ತಪ್ಪು ಹುಡುಕಿದವನಿಗೆ ಮೂಢಭಕ್ತಿ ಎಂದು ಬಯ್ಯುವುದರ ಹೊರತು ಬೇರೇನೂ ಸಿಗಲಿಲ್ಲ.

ಸಂಘದಲ್ಲಿ ಕೆಲಸ ಮಾಡುವವರಿಗೆ ಇದರಲ್ಲಿ ಇನ್ನೂ ಒಂದು ಸಂಗತಿಯಿದೆ. ಇದೇ ಪ್ಲಿನಿ, ನಿಕೊಮೇದಿಯ ಎಂಬ ಪಟ್ಟಣದಲ್ಲಿ ಬೆಂಕಿ ಬಿದ್ದು ನಷ್ಟವಾದಾಗ, ಬೆಂಕಿ ಆರಿಸಲು 150 ಜನರ ಒಂದು ಸಂಘ ಕಟ್ಟಲು ಚಕ್ರವರ್ತಿಯ ಅಪ್ಪಣೆ ಕೇಳಿದ. ಚಕ್ರವರ್ತಿ ಒಪ್ಪಲಿಲ್ಲ. ಯಾವ ಹೆಸರಿನಲ್ಲಿ ಜನ ಗುಂಪು ಸೇರಿದರೂ ಅದು ಕೊನೆಗೆ ರಾಜಕೀಯವಾಗುತ್ತದೆ ಎಂದು ಉತ್ತರ ಬರೆದ. ಕೆಲಸಗಾರರು ಕೂಡುವುದನ್ನು ಕಂಡರೆ ಅಂದಿನಿಂದಲೂ ದೊಡ್ಡವರಿಗೆ ಭಯ! ನಮ್ಮ ಪೂಜೆಯೂ ನಮ್ಮ ಸಂಘವೂ ಒಂದೇ ಸಂಶಯದ ಕೆಳಗೆ ಬೆಳೆದು ಬಂದವು.

ಇನ್ನು ಬುದ್ಧಿವಂತರ ಹಾಸ್ಯದ ಮಾತು. ಸುಮಾರು 178ರಲ್ಲಿ ಸೆಲ್ಸಸ್ ಎಂಬ ಪಂಡಿತ ಕ್ರೈಸ್ತರ ವಿರುದ್ಧ ಒಂದು ಪುಸ್ತಕ ಬರೆದ. ಉಣ್ಣೆ ಕೆಲಸದವರು, ಚಮ್ಮಾರರು, ಬಟ್ಟೆ ಒಗೆಯುವವರು, ಓದು ಬಾರದ ಒರಟರು ಸೇರಿ ಹೆಂಗಸರಿಗೂ ಮಕ್ಕಳಿಗೂ ಕಲಿಸುವ ಧರ್ಮ ಇದು ಎಂದು ಗೇಲಿ ಮಾಡಿದ. ಅವನು ಅವಮಾನ ಎಂದುಕೊಂಡು ಬರೆದದ್ದನ್ನು ನಾವು ಪ್ರಶಸ್ತಿ ಪತ್ರದ ಹಾಗೆ ಗೋಡೆಗೆ ಹಾಕಿಕೊಳ್ಳಬಹುದು. ಸುಮಾರು 248ರಲ್ಲಿ ಒರಿಜೆನ್ ಎಂಬ ಕ್ರೈಸ್ತ ಜ್ಞಾನಿ ಇದಕ್ಕೆ ಎಂಟು ಭಾಗಗಳಲ್ಲಿ ಉತ್ತರ ಬರೆದರು. ಅವರು ಮಾಡಿದ್ದೇನು ನೋಡಿ: ಸೆಲ್ಸಸನ ಪುಸ್ತಕವನ್ನು ಸುಡಲಿಲ್ಲ, ಅವನ ಮಾತನ್ನು ಮುಚ್ಚಿಡಲಿಲ್ಲ. ಅವನ ಆಕ್ಷೇಪಣೆಗಳನ್ನು ಅವನ ಮಾತಿನಲ್ಲಿಯೇ ಬರೆದು, ಒಂದೊಂದಕ್ಕೂ ಉತ್ತರ ಕೊಟ್ಟರು. ಸೆಲ್ಸಸನ ಮೂಲ ಪುಸ್ತಕ ಕಳೆದುಹೋಗಿದೆ. ಅವನ ಮಾತು ಇಂದು ನಮಗೆ ಗೊತ್ತಿರುವುದು ಮುಖ್ಯವಾಗಿ ಒರಿಜೆನರ ಉತ್ತರದಿಂದಲೇ. ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವುದು ನಮ್ಮ ಹಳೆಯ ಪದ್ಧತಿ. ಆ ಹುಡುಗನನ್ನು ಗದರಿಸಿದ ದಿನ ನಾವು ಒರಿಜೆನರ ಶಿಷ್ಯರಾಗಿರಲಿಲ್ಲ.

ಈಗ ನಮ್ಮ ಲೈನುಗಳಲ್ಲಿ ಹೆಚ್ಚಾಗಿ ಕೇಳಿಬರುವ ನಾಲ್ಕು ಪ್ರಶ್ನೆಗಳನ್ನು ಎತ್ತಿಕೊಳ್ಳೋಣ.

ಒಂದನೆಯದು: “ನಿಮ್ಮದು ಪರದೇಶದ ಧರ್ಮ, ಬಿಳಿಯ ದೊರೆಗಳ ಜೊತೆ ಬಂದದ್ದು.” ಯೇಸುಸ್ವಾಮಿ ಹುಟ್ಟಿದ್ದು ಏಷ್ಯಾ ಖಂಡದಲ್ಲಿ; ಅವರನ್ನು ಕೊಲ್ಲಿಸಿದ್ದೇ ಯೂರೋಪಿನಿಂದ ಬಂದ ಅಧಿಕಾರಿ. ನಮ್ಮ ಘಟ್ಟದ ಕೆಳಗೆ, ಕೊಲ್ಲಂನಲ್ಲಿದ್ದ ತರಿಸಾ ಪಳ್ಳಿಗೆ ವೇಣಾಡಿನ ಅರಸ ಅಯ್ಯನಡಿಗಳ್ 849ರಲ್ಲಿ ತಾಮ್ರಪಟ ಬರೆದುಕೊಟ್ಟಿದ್ದಾನೆ. ಅದರಲ್ಲಿ ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ಸಾಕ್ಷಿಗಳ ರುಜುಗಳಿವೆ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಅಂದರೆ ಆರುನೂರು ವರ್ಷಗಳಿಗೂ ಮೀರಿ ಈಚೆಗೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1846ರಲ್ಲಿ ನೀಲಗಿರಿಯ ಕೇತಿಗೆ ಬಂತು. ಅವರ ಮೂಲಕ ವಿಶ್ವಾಸ ಪಡೆದವರೂ ನಮ್ಮ ಬಳಗದಲ್ಲಿ ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ವಸ್ತು ಎಲ್ಲಿಂದ ಬಂತು ಎಂಬುದರಿಂದ ಅದು ಒಳ್ಳೆಯದೋ ಕೆಟ್ಟದ್ದೋ, ನಿಜವೋ ಸುಳ್ಳೋ ತೀರ್ಮಾನವಾಗುವುದಿಲ್ಲ. ನಾವು ದಿನವೂ ನಿಲ್ಲುವ ಸಿಲ್ವರ್ ಓಕ್ ನೆರಳು ಆಸ್ಟ್ರೇಲಿಯಾದ್ದು. ಚಹಾ ಗಿಡ ಚೀನಾದಿಂದ ಬಂತು, ಕಾಫಿ ಅರಬರ ನಾಡಿನಿಂದ ಬಂತು. ನಮ್ಮ ಸಾರಿನ ಮೆಣಸಿನಕಾಯಿಯೂ ಆಲೂಗೆಡ್ಡೆಯೂ ಅಮೆರಿಕ ಖಂಡದವು. ಮೆಣಸಿನಕಾಯಿ ಪರದೇಶದ್ದೆಂದು ಯಾರಾದರೂ ಸಾರು ಚೆಲ್ಲಿದ್ದಾರೆಯೇ? ಇಲ್ಲಿಯ ಮಣ್ಣಿನಲ್ಲಿ ಬೇರು ಬಿಟ್ಟಿದೆಯೇ, ಇಲ್ಲಿಯವರಿಗೆ ಫಲ ಕೊಡುತ್ತಿದೆಯೇ ಎಂದು ಕೇಳುವುದು ನ್ಯಾಯ.

ಎರಡನೆಯದು: “ಗೋಧಿಗೂ ಹಾಲುಪುಡಿಗೂ ಮತ ಬಿಟ್ಟವರು ನೀವು.” ಇದಕ್ಕೆ ಸಿಟ್ಟು ಮಾಡಿಕೊಳ್ಳದೆ ಉತ್ತರ ಹೇಳೋಣ. 1876ರಿಂದ 78ರವರೆಗಿನ ಘೋರ ಕ್ಷಾಮದಲ್ಲಿ ಮೈಸೂರು ಮತ್ತು ಮದ್ರಾಸು ಸೀಮೆಗಳ ಎಷ್ಟೋ ಬಡವರು ಮಿಷನ್ ಗಂಜಿಯಿಂದ ಬದುಕಿದರು. ಅಂಥವರಲ್ಲಿ ಕೆಲವರು ಕ್ರೈಸ್ತರಾದದ್ದೂ ನಿಜ. ಹಸಿದವನು ಅನ್ನ ಕೊಟ್ಟವನ ದೇವರು ಯಾರೆಂದು ವಿಚಾರಿಸಿದರೆ ಅದರಲ್ಲಿ ನಾಚಿಕೆ ಏನಿದೆ? ಆದರೆ ಅನ್ನಕ್ಕಾಗಿ ಬಂದವನು ಅನ್ನ ತೀರಿದ ದಿನ ಹೋಗುತ್ತಾನೆ. ನಮ್ಮ ಅಜ್ಜ ಅಜ್ಜಿಯರು ಹೋಗಲಿಲ್ಲ. ಇನ್ನು ಲಾಭದ ಲೆಕ್ಕ. 1950ರಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಯ ಬಗ್ಗೆ ರಾಷ್ಟ್ರಪತಿಗಳ ಆಜ್ಞೆ ಬಂದಾಗ ಅದು ಹಿಂದೂಗಳಿಗೆ ಎಂದಾಯಿತು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಅಂದರೆ ನಮ್ಮ ದಲಿತ ಬಂಧುಗಳು ದೀಕ್ಷಾಸ್ನಾನದ ಜೊತೆಗೇ ಮೀಸಲಾತಿಯನ್ನು ಕಳೆದುಕೊಂಡರು. ಹಾಗೆ ಕಳೆದುಕೊಂಡರೂ ನಿಂತವರನ್ನು ಲಾಭಕ್ಕೆ ಬಂದವರೆಂದು ಹೇಗೆ ಕರೆಯುವುದು?

ಮೂರನೆಯದು, ಆ ಹುಡುಗನ ಪ್ರಶ್ನೆ: “ಸತ್ತವರು ಎದ್ದದ್ದನ್ನು ಯಾರು ನೋಡಿದ್ದಾರೆ?” ಮೊದಲು, ಯೇಸು ಎಂಬವರು ಇದ್ದರೇ ಎಂಬ ಸಂಶಯವನ್ನು ಬದಿಗಿಡಬಹುದು. ಸುಮಾರು 116ರಲ್ಲಿ ರೋಮಿನ ಚರಿತ್ರೆ ಬರೆದ ಟಾಸಿಟಸ್ ಕ್ರೈಸ್ತರನ್ನು ಹೀನವಾಗಿ ಕಂಡವನು. ಅವನೇ, ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ಪೊಂತ್ಯ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟನೆಂದು ಬರೆದಿದ್ದಾನೆ. ಪುನರುತ್ಥಾನದ ವಿಷಯ ಬಂದರೆ, ಸಂತ ಪೌಲರು ಕೊರಿಂಥದವರಿಗೆ ಮೊದಲನೆಯ ಪತ್ರ ಬರೆದದ್ದು ಸುಮಾರು 55ರಲ್ಲಿ, ಶಿಲುಬೆಯ ಘಟನೆಯಾಗಿ ಇಪ್ಪತ್ತೈದು ವರ್ಷವೂ ಆಗಿರಲಿಲ್ಲ. ಅದರ 15ನೆಯ ಅಧ್ಯಾಯದಲ್ಲಿ ಕಂಡವರ ಪಟ್ಟಿ ಕೊಡುತ್ತಾರೆ. ಐನೂರಕ್ಕೂ ಹೆಚ್ಚು ಜನ ಒಟ್ಟಿಗೆ ಕಂಡರು, ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಎನ್ನುತ್ತಾರೆ. ಬೇಕಾದವರು ಹೋಗಿ ವಿಚಾರಿಸಿಕೊಳ್ಳಬಹುದಾಗಿತ್ತು.

ಇಲ್ಲಿ ನಮಗೆ ಸಂಘದ ಅನುಭವ ಸಹಾಯಕ್ಕೆ ಬರುತ್ತದೆ. ತೋಟದ ವಿಚಾರಣೆಗಳಲ್ಲಿ ಕಾರ್ಮಿಕರ ಪಕ್ಕದಲ್ಲಿ ಕುಳಿತು ನಾವು ಅನೇಕ ಸಾಕ್ಷಿಗಳನ್ನು ಕೇಳಿದ್ದೇವೆ. ಸುಳ್ಳುಸಾಕ್ಷಿ ತಯಾರು ಮಾಡುವವರು ಯಾರನ್ನು ಆರಿಸುತ್ತಾರೆ? ಗುಮಾಸ್ತರನ್ನು, ಮೇಸ್ತ್ರಿಯನ್ನು, ಮಾತಿಗೆ ತೂಕವಿರುವವರನ್ನು. ಎಲೆ ಕೀಳುವ ಹೆಂಗಸನ್ನು ಆರಿಸುವುದಿಲ್ಲ. ಅಂದಿನ ಕಾಲದಲ್ಲಿಯೂ ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಿತ್ತು. ಅರೆಮರುಳಾದ ಹೆಂಗಸಿನ ಮಾತು ಎಂದು ಸೆಲ್ಸಸನೇ ನಗೆಯಾಡಿದ್ದಾನೆ. ಆದರೂ ನಾಲ್ಕು ಶುಭಸಂದೇಶಗಳೂ ಬರಿದಾದ ಸಮಾಧಿಯ ಮೊದಲ ಸಾಕ್ಷಿಗಳೆಂದು ಹೇಳುವುದು ಮಗ್ದಲದ ಮರಿಯಳನ್ನೂ ಆಕೆಯ ಜೊತೆಗಾರ್ತಿಯರನ್ನೂ. ಕಥೆ ಕಟ್ಟುವವರು ಹೀಗೆ ಕಟ್ಟುವುದಿಲ್ಲ. ನಾಲ್ಕು ಶುಭಸಂದೇಶಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿವೆ ಎಂದು ಕೆಲವರು ಎತ್ತಿ ತೋರಿಸುತ್ತಾರೆ. ಹೌದು, ಇವೆ. ಅಕ್ಷರಕ್ಕೆ ಅಕ್ಷರ ಒಂದೇ ಆಗಿರುವ ಹೇಳಿಕೆಗಳನ್ನು ಕಂಡರೆ ನಾವೇ, “ಇದು ಆಫೀಸಿನಲ್ಲಿ ಬರೆದುಕೊಟ್ಟದ್ದು” ಎನ್ನುತ್ತೇವಲ್ಲವೇ? ನಿಜವಾಗಿ ಕಂಡವರ ಮಾತು ಅಂಚಿನಲ್ಲಿ ಬೇರೆಯಾದರೂ ನಡುವಿನಲ್ಲಿ ಒಂದೇ ಆಗಿರುತ್ತದೆ. ಈ ಸಾಕ್ಷಿ ಹೇಳಿದ್ದರಿಂದ ಅವರಿಗೆ ಸಿಕ್ಕಿದ್ದಾದರೂ ಏನು? ಏಟು ಮತ್ತು ಸೆರೆಮನೆ.

ಇಷ್ಟರಿಂದ, ತಕ್ಕಡಿಯಲ್ಲಿ ಎಲೆ ತೂಗಿ ತೋರಿಸಿದ ಹಾಗೆ ದೇವರನ್ನು ತೋರಿಸಿದೆವು ಎಂದು ನಾವು ಹೇಳುವುದಿಲ್ಲ. ಕೊನೆಯ ಹೆಜ್ಜೆ ವಿಶ್ವಾಸದ್ದೇ. ಆದರೆ ಅದು ಕಣ್ಣು ಕಟ್ಟಿಕೊಂಡು ಹಾರುವ ಹಾರಾಟವಲ್ಲ. ತಕ್ಕ ಸಾಕ್ಷಿ ಕೇಳಿ, ಅವರನ್ನು ನಂಬಬಹುದೆಂದು ತಿಳಿದು, ಇಡುವ ಹೆಜ್ಜೆ. ಮದುವೆಯಲ್ಲಿಯೂ ಸ್ನೇಹದಲ್ಲಿಯೂ ಮುಷ್ಕರದಲ್ಲಿಯೂ ನಾವು ಮಾಡುವುದು ಇದನ್ನೇ.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು, ಸಂಗಾತಿಗಳು ಕೇಳುವಂಥದ್ದು: “ಧರ್ಮ ಬಡವರಿಗೆ ಹಾಕುವ ಅಫೀಮು. ನಿಮ್ಮ ದೇವರಿದ್ದರೆ ಇಷ್ಟು ಕಷ್ಟ ಯಾಕೆ?” ಕಾರ್ಲ್ ಮಾರ್ಕ್ಸ್ ಅಫೀಮಿನ ಮಾತನ್ನು ಅಚ್ಚು ಮಾಡಿಸಿದ್ದು 1844ರಲ್ಲಿ, ಅದರ ಪಕ್ಕದಲ್ಲಿಯೇ ನೊಂದವರ ನಿಟ್ಟುಸಿರಿನ ಮಾತನ್ನೂ ಹೇಳಿದ್ದ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳೋಣ. ಕೂಲಿ ಕಡಿಮೆ ಮಾಡಿದಾಗ, “ಸಹಿಸಿಕೊಳ್ಳಿ, ಪರಲೋಕದಲ್ಲಿ ಸಿಗುತ್ತದೆ” ಎಂದು ಬೋಧಿಸಿದವರು ನಮ್ಮಲ್ಲಿ ಇದ್ದರು. ಒಂದೇ ಬಲಿಪೀಠದ ಮುಂದೆ ಮೊಣಕಾಲೂರಿ, ಹೊರಗೆ ಬಂದು ಜಾತಿ ಕೇಳಿದವರೂ ಇದ್ದರು, ಇದ್ದಾರೆ. ಅದು ಅಫೀಮೇ. ಆದರೆ ಅದು ಪವಿತ್ರ ಗ್ರಂಥದ ಬೋಧನೆಯಲ್ಲ. ವಿಮೋಚನಾಕಾಂಡದ ಐದನೆಯ ಅಧ್ಯಾಯ ಓದಿ ನೋಡಿ. ಫರೋಹನು ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿದ, ಆದರೆ ಇಟ್ಟಿಗೆಯ ಲೆಕ್ಕ ಒಂದೂ ಕಡಿಮೆಯಾಗಬಾರದು ಎಂದ. ಲೆಕ್ಕ ತಪ್ಪಿದಾಗ ಮೇಸ್ತ್ರಿಗಳಿಗೆ ಏಟು ಬಿತ್ತು. ಎಲೆಯ ಕಿಲೋ ಲೆಕ್ಕ ಗೊತ್ತಿರುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ದೇವರು ಆ ಗೋಳು ಕೇಳಿ ಸುಮ್ಮನಿರಲಿಲ್ಲ. ಸಂತ ಯಕೋಬರ ಪತ್ರದಲ್ಲಿ, ಕೊಯ್ಲಿನವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಮೊರೆಯಿಡುತ್ತದೆ. ಜಗದ್ಗುರು ಹದಿಮೂರನೆಯ ಲಿಯೋ 1891ರ ಮೇ 15ರಂದು ಹೊರಡಿಸಿದ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯನ್ನೂ ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನೂ ಎತ್ತಿ ಹಿಡಿದರು. ಎರಡನೆಯ ಜಾನ್ ಪೌಲರು 1981ರಲ್ಲಿ ಅದನ್ನೇ ಮುಂದುವರಿಸಿ ದುಡಿಮೆಯ ಬಗ್ಗೆ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರಿಟ್ಟುಕೊಂಡದ್ದು ಆ ಹಳೆಯ ಲಿಯೋ ಅವರ ಕಾರ್ಮಿಕ ಪತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಕಷ್ಟ ಯಾಕೆ ಎಂಬುದಕ್ಕೆ ಮಾತ್ರ ನಮ್ಮ ಕೈಯಲ್ಲಿ ಸುಲಭವಾದ ಉತ್ತರವಿಲ್ಲ. ಇರುವುದು ಶಿಲುಬೆ. ರೋಮಿನಲ್ಲಿ ಶಿಲುಬೆ ಗುಲಾಮರಿಗಾಗಿ ಇಟ್ಟ ಶಿಕ್ಷೆ. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸನ ಬಂಡಾಯ ಮುರಿದ ಮೇಲೆ ಆರು ಸಾವಿರ ಗುಲಾಮರನ್ನು ಕಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೆ ಹಾಕಿದರು. ದೇವರು ಮನುಷ್ಯನಾಗಿ ಬಂದು ಒಪ್ಪಿಕೊಂಡ ಸಾವು ಅದೇ ಎಂದು ನಾವು ನಂಬುತ್ತೇವೆ. ಬೇಕೆಂದು ಕಲ್ಪಿಸಿಕೊಂಡ ದೇವರಾಗಿದ್ದರೆ ಮನುಷ್ಯರು ಅವರನ್ನು ಸಿಂಹಾಸನದ ಮೇಲೆ ಕೂರಿಸುತ್ತಿದ್ದರು, ಗುಲಾಮರ ಮರಕ್ಕೆ ಹೊಡೆಯುತ್ತಿರಲಿಲ್ಲ. ನಮ್ಮ ಕಷ್ಟವನ್ನು ದೂರದಿಂದ ನೋಡುವ ದಣಿಯಲ್ಲ ನಮ್ಮ ದೇವರು, ಅದರೊಳಗೆ ಇಳಿದವರು.

ಇನ್ನು ಉತ್ತರ ಹೇಳುವ ರೀತಿ. ಸಾತ್ವಿಕವಾಗಿ, ಗೌರವದಿಂದ ಎಂಬ ಪೇತ್ರರ ಮಾತನ್ನು ನಮ್ಮಲ್ಲಿ ಕೆಲವರು ಮರೆತಿದ್ದಾರೆ. ನೆರೆಯವರ ಮಾರಿಯಮ್ಮನ ಗುಡಿಯನ್ನು ಹಳಿಯುವುದು ವಿಶ್ವಾಸದ ಸಮರ್ಥನೆಯಲ್ಲ. ಸಂತ ಪೌಲರು ಅಥೆನ್ಸ್ ಪಟ್ಟಣದಲ್ಲಿ ವಿಗ್ರಹಗಳನ್ನು ಕಂಡು ಮನನೊಂದರೂ ಜನರನ್ನು ಬಯ್ಯಲಿಲ್ಲ. ಅವರ ಭಕ್ತಿಯನ್ನು ಗುರುತಿಸಿ, ತಿಳಿಯದ ದೇವರಿಗೆಂದು ಅವರೇ ಕಟ್ಟಿದ ಪೀಠದಿಂದ ಮಾತು ಆರಂಭಿಸಿದರು. ಮಗು ಹುಟ್ಟಿದಾಗ ಬಿಸಿನೀರು ಕಾಯಿಸಿಕೊಟ್ಟ ನೆರೆಯವಳನ್ನು ವಾದದಲ್ಲಿ ಗೆದ್ದು ಕಳೆದುಕೊಂಡರೆ ಪ್ರಭುವಿಗೆ ಏನು ಲಾಭ? ಇನ್ನೊಂದು ಕಡೆ, ಆ ಇಬ್ಬರು ಗುಲಾಮ ಹೆಂಗಸರ ಸಭೆಯ ಪ್ರಮಾಣವನ್ನೂ ನೆನೆಯಿರಿ. ನಂಬಿ ಕೊಟ್ಟ ಚೀಟಿ ಹಣವನ್ನು ಇಲ್ಲವೆನ್ನುವವನು, ಸಂಬಳದ ದಿನ ಸಾರಾಯಿ ಅಂಗಡಿಯಿಂದ ನೇರ ಬಂದು ಹೆಂಡತಿಯ ಮೇಲೆ ಕೈ ಮಾಡುವವನು ಎಷ್ಟೇ ಚೆನ್ನಾಗಿ ವಾದ ಮಾಡಲಿ, ಅವನೇ ನಮ್ಮ ವಿರುದ್ಧದ ಸಾಕ್ಷಿ.

ಆ ತಾಯಿಗೆ ನಾವು ಇಷ್ಟನ್ನೆಲ್ಲ ಹೇಳಲಿಲ್ಲ. “ನಿಮಗೆ ಗೊತ್ತಿರುವುದನ್ನು ಹೇಳಿ, ಅಮ್ಮ” ಎಂದೆವು. ಅವರು ಮರುವಾರ ಬುತ್ತಿ ಬಿಚ್ಚಿದಾಗ ಅದೇ ಕೆಲಸಗಾರರಿಗೆ ಹೀಗೆ ಹೇಳಿದರಂತೆ: “ನನ್ನ ದೇವರು ನನ್ನ ಮಾಡು ಸರಿಮಾಡಲಿಲ್ಲ, ನಿಜ. ಆದರೆ ಗಂಡ ಸತ್ತ ರಾತ್ರಿ ನಾನು ಒಬ್ಬಳೇ ಅಲ್ಲ ಎಂದು ನನಗೆ ಗೊತ್ತಿತ್ತು. ಆತನೂ ಕೊಲೆಯಾದವನು, ಸಮಾಧಿಯಲ್ಲಿ ಮಲಗಿದವನು, ಎದ್ದವನು. ಅದಕ್ಕೇ ನಂಬುತ್ತೇನೆ. ಮಾಡಿನ ವಿಷಯಕ್ಕೆ ನಾಳೆ ಸಂಘದ ಮೀಟಿಂಗಿಗೆ ಬರುತ್ತೇನೆ.” ಅವರು ಒಪ್ಪಲಿಲ್ಲ. ಇಂದಿಗೂ ಒಪ್ಪಿಲ್ಲ. ಇಬ್ಬರೂ ಈಗಲೂ ಒಟ್ಟಿಗೆ ಕುಳಿತು ಊಟ ಮಾಡುತ್ತಾರೆ, ಮಾತು ಮುಂದುವರಿದಿದೆ.

ಬಂಧುಗಳೇ, ಪ್ರತಿಯೊಂದು ಲೈನಿನಲ್ಲಿ ವಾರಕ್ಕೊಂದು ಸಂಜೆ ಜಪಸರ ಮುಗಿದ ಮೇಲೆ ಅರ್ಧ ಗಂಟೆ ಇಂಥ ಪ್ರಶ್ನೆಗಳಿಗೆ ಎಂದು ಇಡೋಣ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಉಪದೇಶಿಯ ಕೈಗೆ ಕೊಡಿ, ಹೆಸರು ಹಾಕಬೇಕಾಗಿಲ್ಲ. ನಮಗೆ ತಿಳಿಯದಿದ್ದರೆ ಗುರುಗಳನ್ನು ಕೇಳಿ ಬರುತ್ತೇವೆ. ಹೊರಗಿನ ಶಾಲೆಗಳಲ್ಲಿ ತಮಿಳಿನಲ್ಲೋ ಮಲಯಾಳದಲ್ಲೋ ಓದುತ್ತಿರುವ ನಮ್ಮ ಮಕ್ಕಳಿಗೆ ಮನೆಯ ಮಾತಾದ ಕನ್ನಡದಲ್ಲಿಯೇ ಉತ್ತರ ಸಿಗಲಿ. ಯಾವ ಮಗುವೂ ಇನ್ನು ಮುಂದೆ “ಕೂತುಕೋ” ಎನ್ನಿಸಿಕೊಳ್ಳಬಾರದು.

ನಮ್ಮ ತರಗತಿಯಿಂದ ಎದ್ದುಹೋದ ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಅವನ ತಾಯಿಯ ಮನೆಗೆ ಈ ಪತ್ರಿಕೆ ಹೋಗುತ್ತದೆ. ಅವನು ಇದನ್ನು ಓದಿದರೆ, ತಪ್ಪು ನಮ್ಮದೆಂದು ಅವನಿಗೆ ತಿಳಿಯಲಿ. ಅವನ ಪ್ರಶ್ನೆ ಒಳ್ಳೆಯ ಪ್ರಶ್ನೆಯಾಗಿತ್ತು. ಉತ್ತರ ತಡವಾಗಿ ಬಂದಿದೆ. ಒಪ್ಪಲಿ ಬಿಡಲಿ, ಬಂದು ಕುಳಿತು ಮಾತನಾಡಲಿ, ಬಾಗಿಲು ತೆರೆದಿದೆ.

ಪುನರುತ್ಥಾನರಾದ ಪ್ರಭು ನಿಮ್ಮ ಮನೆಗಳಲ್ಲಿಯೂ ನಿಮ್ಮ ದುಡಿಮೆಯಲ್ಲಿಯೂ ನಿಮ್ಮ ಜೊತೆಗಿರಲಿ.